ಬೆಲ್ ಹೊಡೆಯುವ ಮುಂಚಿನ ಲ್ಯಾಟಿನ್

ಜನವರಿಯ ಒಂದು ಬುಧವಾರ. ಬೆಳಿಗ್ಗೆ ಎಂಟಾಗುತ್ತ ಬಂದರೂ ನ್ಯೂಕಾಸಲ್‌ನಲ್ಲಿ ಇನ್ನೂ ಕತ್ತಲೆ. ಇಂಗ್ಲೆಂಡಿನ ಈ ಉತ್ತರದ ಮೂಲೆಯಲ್ಲಿ ಆ ತಿಂಗಳು ಸೂರ್ಯ ಏಳುವುದೇ ಎಂಟೂವರೆಯ ಹೊತ್ತಿಗೆ. ತಂಗಿಯ ಮಗಳು ಉಣ್ಣೆ ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡು, ನನ್ನ ಕೈ ಹಿಡಿದು, ಹೆಪ್ಪುಗಟ್ಟಿದ ಫುಟ್‌ಪಾತಿನ ಮೇಲೆ ಜಾರದ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದಳು. ಎಂಟು ವರ್ಷದ ಹುಡುಗಿ. ಬೇರೆ ದಿನ ಅವಳನ್ನು ಎಬ್ಬಿಸಲು ಮೂರು ಸಲ ಕೂಗಬೇಕು. ಬುಧವಾರ ಮಾತ್ರ ತಾನಾಗಿ ಎದ್ದು, ಷೂ ಹಾಕಿಕೊಂಡು, ಬಾಗಿಲ ಬಳಿ ಕಾಯುತ್ತಾಳೆ. "ದೊಡ್ಡಮ್ಮ, ಬೇಗ ಬಾ. ಹಾಜರಿ ಕೂಗುವಾಗ ನಾನು ಅಲ್ಲಿರಬೇಕು" ಎಂದು ದಾರಿಯುದ್ದಕ್ಕೂ ಅವಸರ ಮಾಡಿದಳು.

ನಾನು ಮುಂಚೆಯೇ ಅನುಮತಿ ಕೇಳಿದ್ದೆ. ಶಾಲೆಯ ಕಚೇರಿಯಲ್ಲಿ ಸಹಿ ಹಾಕಿ, ಕೊರಳಿಗೆ ಅತಿಥಿಯ ಪಟ್ಟಿ ತೊಟ್ಟು ಊಟದ ಹಾಲಿಗೆ ಹೋದರೆ ಬಿಸಿ ಟೋಸ್ಟಿನ ವಾಸನೆ ಮುಖಕ್ಕೆ ಬಡಿಯಿತು. ಶಾಲೆ ಶುರುವಾಗುವ ಮುಂಚೆಯೇ ಅಪ್ಪ ಅಮ್ಮ ಕೆಲಸಕ್ಕೆ ಹೊರಡಬೇಕಾದ ಮನೆಗಳ ಮಕ್ಕಳು ಅಲ್ಲಿ ತಿಂಡಿ ತಿನ್ನುತ್ತಾರೆ. ಅದೇ ಹಾಲಿನ ಒಂದು ಮೂಲೆಯಲ್ಲಿ ಎರಡು ಉದ್ದನೆಯ ಮೇಜುಗಳನ್ನು ಜೋಡಿಸಿಕೊಂಡು ಹದಿನಾಲ್ಕು ಮಕ್ಕಳು ಕೂತಿದ್ದರು. ಕೆಲವರ ಬಾಯಲ್ಲಿ ಇನ್ನೂ ಟೋಸ್ಟ್ ಇತ್ತು. ಬಿಳಿ ಕೂದಲಿನ, ನಿವೃತ್ತ ಅಧ್ಯಾಪಕಿಯೊಬ್ಬರು ಎದ್ದು ನಿಂತು "ಸಲ್ವೇಟೆ, ಡಿಸ್ಕಿಪುಲಿ" ಎಂದರು. "ಸಲ್ವೆ, ಮಗಿಸ್ಟ್ರಾ!" ಎಂದು ಹದಿನಾಲ್ಕು ಕಂಠಗಳು ಒಟ್ಟಿಗೆ ಕೂಗಿದವು. ಶಿಷ್ಯರಿಗೆ ನಮಸ್ಕಾರ, ಗುರುವಿಗೆ ನಮಸ್ಕಾರ.

ಆಮೇಲೆ ಹಾಜರಿ. ಹೆಸರು ಕೂಗಿದಾಗ ಒಬ್ಬೊಬ್ಬರೂ "ಆಡ್‌ಸುಮ್" ಎನ್ನಬೇಕು. ಇಲ್ಲಿದ್ದೇನೆ ಎಂದರ್ಥ. ಆ ಒಂದು ಪದವನ್ನು ಹೇಳಲಿಕ್ಕಾಗಿ ನಮ್ಮ ಹುಡುಗಿ ಕತ್ತಲಲ್ಲಿ ಅಷ್ಟು ಅವಸರ ಮಾಡಿದ್ದು! ತನ್ನ ಸರದಿ ಬಂದಾಗ ಬೆನ್ನು ನೆಟ್ಟಗೆ ಮಾಡಿ, ಎದೆಯುಬ್ಬಿಸಿ ಹೇಳಿದಳು.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳು ಪಾಠಕ್ಕೆ ಹೀಗೆ ಓಡಿ ಬರುವುದನ್ನು ಕಂಡಾಗ ಸುಮ್ಮನೆ ನೋಡಿ ಹೋಗಲು ಮನಸ್ಸಾಗಲಿಲ್ಲ. ಯಾರ ಮನೆಯಲ್ಲೂ ಆಡದ, ಯಾವ ದೇಶದ ಬೀದಿಯಲ್ಲೂ ಕೇಳದ ಒಂದು ಭಾಷೆಗಾಗಿ ಏಳೆಂಟು ವರ್ಷದ ಮಕ್ಕಳು ಅರ್ಧ ಗಂಟೆ ಮುಂಚೆ ಬರುತ್ತಾರೆಂದರೆ ಅಲ್ಲಿ ಏನೋ ಇದೆ. ಆ ಚಳಿಗಾಲ ಆರು ಬುಧವಾರ ನಾನೂ ಹೋಗಿ ಮೇಜಿನ ತುದಿಯಲ್ಲಿ ಕೂತೆ.

ಶಾಲೆಗೆ ಮುಂಚೆಯೇ ಏಕೆ ಎಂಬುದಕ್ಕೆ ಉತ್ತರ ಸರಳ. ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಇಂಗ್ಲೆಂಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 7ರಿಂದ 11 ವರ್ಷದ ಮಕ್ಕಳಿಗೆ ಒಂದು ಪರಭಾಷೆ ಕಲಿಸುವುದು 2014ರ ಸೆಪ್ಟೆಂಬರ್‌ನಿಂದ ಕಡ್ಡಾಯ. ಅದು ಲ್ಯಾಟಿನ್ ಅಥವಾ ಹಳೆಯ ಗ್ರೀಕ್ ಕೂಡ ಆಗಬಹುದೆಂದು ಪಠ್ಯಕ್ರಮವೇ ಹೇಳುತ್ತದೆ. ಆದರೆ ಹೆಚ್ಚಿನ ಶಾಲೆಗಳು ಫ್ರೆಂಚ್ ಇಲ್ಲವೇ ಸ್ಪ್ಯಾನಿಷ್ ಆರಿಸಿಕೊಳ್ಳುತ್ತವೆ. ಸಂಜೆಗೆ ಫುಟ್‌ಬಾಲ್, ಈಜು, ಡ್ಯಾನ್ಸು. ಉಳಿಯುವುದು ಬೆಳಗಿನ ಹೊತ್ತು. ಮಕ್ಕಳು ಹೇಗೂ ತಿಂಡಿಗೆ ಬಂದಿರುತ್ತಾರೆ, ಹಾಲು ಬೆಚ್ಚಗಿರುತ್ತದೆ, ಯಾರಾದರೂ ಒಬ್ಬರು ಕಲಿಸಲು ಮುಂದೆ ಬಂದರೆ ಸಾಕು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 750 ಶಾಲೆಗಳಲ್ಲಿ ಉಚಿತ ಬೆಳಗಿನ ತಿಂಡಿಯ ಯೋಜನೆ ಆರಂಭಿಸಿತು. ಅದರಲ್ಲಿ ದಿನಕ್ಕೆ ಕನಿಷ್ಠ ಅರ್ಧ ಗಂಟೆ ಮಕ್ಕಳು ಶಾಲೆಯ ಆಸರೆಯಲ್ಲಿರುತ್ತಾರೆ. ಅಂಥ ಅರ್ಧ ಗಂಟೆಯಲ್ಲಿ ಏನೆಲ್ಲ ಹಿಡಿಸುತ್ತದೆ ಎಂಬುದನ್ನು ಆ ಮೂಲೆಯ ಮೇಜಿನಲ್ಲಿ ಕಂಡೆ.

ಅಲ್ಲಿ ಪರೀಕ್ಷೆಯಿಲ್ಲ, ಅಂಕವಿಲ್ಲ, ಹೋಂವರ್ಕ್ ಇಲ್ಲ. ತಪ್ಪು ಹೇಳಿದರೆ ಪಕ್ಕದವರು ತಿದ್ದುತ್ತಾರೆ, ಎಲ್ಲರೂ ಮುಂದೆ ಹೋಗುತ್ತಾರೆ. ಒಂದು ಕಾಲದಲ್ಲಿ ಇದೇ ದೇಶದಲ್ಲಿ ಲ್ಯಾಟಿನ್ ಎಂದರೆ ಬೆತ್ತ. ವಿನ್‌ಸ್ಟನ್ ಚರ್ಚಿಲ್ ತಮ್ಮ ಆತ್ಮಕಥೆಯಲ್ಲಿ ಬರೆದಿರುವ ಪ್ರಸಂಗ ಪ್ರಸಿದ್ಧವಾದದ್ದು. ಏಳು ವರ್ಷದ ಹುಡುಗನನ್ನು ಬೋರ್ಡಿಂಗ್ ಶಾಲೆಗೆ ಸೇರಿಸಿದ ಮೊದಲ ದಿನವೇ ಮೇಜು ಎಂಬರ್ಥದ 'ಮೆನ್ಸಾ' ಶಬ್ದದ ವಿಭಕ್ತಿರೂಪಗಳನ್ನು ಬಾಯಿಪಾಠ ಮಾಡಲು ಕೂರಿಸಿದರು. ಒಂದು ರೂಪಕ್ಕೆ "ಎಲೈ ಮೇಜೇ" ಎಂದರ್ಥ ಎಂದಾಗ ಹುಡುಗನಿಗೆ ದಿಗಿಲು. ಮೇಜಿನೊಂದಿಗೆ ಮಾತಾಡುವಾಗ ಬಳಸಬೇಕು ಎಂದರು ಮೇಷ್ಟ್ರು. ನಾನು ಮೇಜಿನ ಜೊತೆ ಮಾತೇ ಆಡುವುದಿಲ್ಲವಲ್ಲ ಎಂದ ಹುಡುಗ. ಅಧಿಕಪ್ರಸಂಗ ಮಾಡಿದರೆ ಶಿಕ್ಷೆ ಎಂಬ ಎಚ್ಚರಿಕೆ ಸಿಕ್ಕಿತು. ಪ್ರಶ್ನೆ ಕೇಳಿದ ಮಗುವಿಗೆ ಉತ್ತರ ಕೊಡದೆ ಹೆದರಿಸಿದ ಆ ಕ್ಷಣ ನನಗೆ ಈಗಲೂ ನೋವುಂಟುಮಾಡುತ್ತದೆ. ಎಷ್ಟು ಒಳ್ಳೆಯ ಪ್ರಶ್ನೆ ಅದು!

ಅಂದಹಾಗೆ, ನಾವು ದಿನಾ ಹೇಳುವ 'ಮೇಷ್ಟ್ರು' ಕೂಡ ಲ್ಯಾಟಿನ್ನಿನ 'ಮಗಿಸ್ಟರ್' ಶಬ್ದದ ಮೊಮ್ಮಗನೇ. ಯುರೋಪಿನ ಭಾಷೆಗಳ ಬಾಯಿಂದ ಬಾಯಿಗೆ ಸವೆದು ನಮ್ಮ ಊರ ಶಾಲೆಯ ಜಗಲಿಗೆ ಬಂದು ಕೂತಿದ್ದಾನೆ.

ಈಗ ಮಕ್ಕಳ ಕೈಯಲ್ಲಿರುವ ಪುಸ್ತಕದ ಹೆಸರು 'ಮಿನಿಮುಸ್'. ಬಾರ್ಬರಾ ಬೆಲ್ ಎಂಬ ಅಧ್ಯಾಪಕಿ ಬರೆದು, ಹೆಲೆನ್ ಫೋರ್ಟ್ ಚಿತ್ರ ಹಾಕಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ 1999ರಲ್ಲಿ ಹೊರತಂದದ್ದು. ಮಿನಿಮುಸ್ ಎಂದರೆ ಎಲ್ಲರಿಗಿಂತ ಚಿಕ್ಕವನು. ಅವನೊಂದು ಇಲಿ. ಅವನು ಇರುವುದು ಒಬ್ಬ ರೋಮನ್ ಸೇನಾಧಿಕಾರಿಯ ಮನೆಯಲ್ಲಿ. ಆ ಮನೆಯಲ್ಲಿ ಅಪ್ಪ, ಅಮ್ಮ, ಮೂರು ಮಕ್ಕಳು, ಅಡುಗೆಯವನು, ಲೆಕ್ಕಪತ್ರ ಬರೆಯುವವನು, ಮತ್ತೆ ಇಲಿಗೆ ಸದಾ ಭಯ ಹುಟ್ಟಿಸುವ ವಿಬ್ರಿಸ್ಸಾ ಎಂಬ ಬೆಕ್ಕು. ಕಾಮಿಕ್ಸ್ ಹಾಗೆ ಚಿತ್ರ, ಬಾಯಿಂದ ಹೊರಟ ಗುಳ್ಳೆಗಳಲ್ಲಿ ಎರಡು ಮೂರು ಪದದ ಲ್ಯಾಟಿನ್ ವಾಕ್ಯ. ಅಡುಗೆಯವನೂ ಬರಹದವನೂ ಗುಲಾಮರು. ಅದನ್ನು ಪುಸ್ತಕ ಮರೆಮಾಚುವುದಿಲ್ಲ. "ಅವರಿಗೆ ಸಂಬಳ ಕೊಡ್ತಿರಲಿಲ್ವಾ?" ಎಂದು ಒಂದು ದಿನ ಒಬ್ಬ ಹುಡುಗ ಕೇಳಿದ. ಅಧ್ಯಾಪಕಿ ಆಟ ನಿಲ್ಲಿಸಿ, ಐದು ನಿಮಿಷ ತೆಗೆದುಕೊಂಡು, ಮನುಷ್ಯರನ್ನು ಕೊಂಡು ಮಾರುವುದೆಂದರೇನು ಎಂದು ಮೆಲ್ಲಗೆ ಹೇಳಿದರು. ಆ ಬುಧವಾರ ಹೊಸ ಪದ ಕಲಿಯಲಿಲ್ಲ. ಅವರು ಮಾಡಿದ್ದು ಸರಿ.

ಆ ಮನೆಯ ಯಜಮಾನ ಯಜಮಾನಿ ಕಲ್ಪನೆಯ ಜನರಲ್ಲ. ನ್ಯೂಕಾಸಲ್‌ನಿಂದ ಕಾರಿನಲ್ಲಿ ಒಂದು ಗಂಟೆ ಪಶ್ಚಿಮಕ್ಕೆ ಹೋದರೆ ವಿಂಡೊಲಾಂಡಾ ಎಂಬ ರೋಮನ್ ಕೋಟೆಯ ಅವಶೇಷವಿದೆ. ಕ್ರಿ.ಶ. 100ರ ಆಸುಪಾಸಿನಲ್ಲಿ ಅಲ್ಲಿನ ಪಡೆಯ ಮುಖ್ಯಸ್ಥನಾಗಿದ್ದವನು ಫ್ಲಾವಿಯುಸ್ ಕೆರಿಯಾಲಿಸ್. ಹೆಂಡತಿ ಸುಲ್ಪಿಕಿಯಾ ಲೆಪಿಡಿನಾ. 1973ರಲ್ಲಿ ಪುರಾತತ್ತ್ವಜ್ಞ ರಾಬಿನ್ ಬರ್ಲಿಯವರಿಗೆ ಅಲ್ಲಿನ ಜವುಗು ಮಣ್ಣಿನಲ್ಲಿ ಮರದ ತೆಳ್ಳನೆಯ ಚೂರುಗಳು ಸಿಕ್ಕವು. ಒಂದರಿಂದ ಮೂರು ಮಿಲಿಮೀಟರ್ ದಪ್ಪ, ಅಂಚೆ ಕಾರ್ಡಿನ ಅಗಲ. ಅದರ ಮೇಲೆ ಮಸಿಯಲ್ಲಿ ಬರೆದ ಕಾಗದಗಳು! ಗಾಳಿಯಾಡದ ಒದ್ದೆ ನೆಲದಲ್ಲಿ ಹೂತಿದ್ದರಿಂದ ಅವು ಕೊಳೆಯದೆ ಉಳಿದಿದ್ದವು. ಪಡೆಯ ಲೆಕ್ಕ, ರಜಾ ಅರ್ಜಿ, ಯಾರಿಗೋ ಕಳಿಸಿದ ಕಾಲುಚೀಲ ಒಳಚಡ್ಡಿಗಳ ಪಟ್ಟಿ. 1985ರಲ್ಲಿ ಸಿಕ್ಕ ಒಂದು ಹಲಗೆ ಕ್ಲೌಡಿಯಾ ಸೆವೆರಾ ಎಂಬಾಕೆ ಲೆಪಿಡಿನಾಗೆ ಬರೆದ ಹುಟ್ಟುಹಬ್ಬದ ಕರೆಯೋಲೆ. ಸೆಪ್ಟೆಂಬರ್ 11ಕ್ಕೆ ಬಾ, ನೀನು ಬಂದರೆ ಆ ದಿನಕ್ಕೆ ಕಳೆ ಎಂದು ಕರೆಯುತ್ತಾಳೆ. ಪತ್ರದ ಹೆಚ್ಚಿನ ಭಾಗ ಬರಹಗಾರನ ಕೈಯದು. ಕೊನೆಯಲ್ಲಿ ನಾಲ್ಕು ಸಾಲು ಮಾತ್ರ ಸೆವೆರಾ ತಾನೇ, ಸ್ವಲ್ಪ ಅಡ್ಡಾದಿಡ್ಡಿಯಾಗಿ ಬರೆದಿದ್ದಾಳೆ. ಅಲ್ಲಿ ಗೆಳತಿಯನ್ನು ಅಕ್ಕ ತಂಗಿಯೆಂದು ಕರೆದಿದ್ದಾಳೆ. ಹೆಣ್ಣೊಬ್ಬಳ ಕೈಬರಹದಲ್ಲಿ ಉಳಿದುಬಂದ ಅತಿ ಹಳೆಯ ಲ್ಯಾಟಿನ್ ಬರಹಗಳಲ್ಲಿ ಇದೂ ಒಂದು.

ಇಲಿಯ ಮಾತಿಗೂ ಒಂದು ಬಾಲವಿದೆ. ಪುಸ್ತಕ ಬಂದು ಎರಡು ದಶಕದ ಮೇಲೆ, 2020ರಲ್ಲಿ ಕೊರೊನಾದಿಂದ ವಿಂಡೊಲಾಂಡಾದ ವಸ್ತುಸಂಗ್ರಹಾಲಯ ಮುಚ್ಚಿದ್ದಾಗ, ಹಿಂದೆಂದೋ ಅಗೆದು ಚೀಲದಲ್ಲಿ ತುಂಬಿಟ್ಟಿದ್ದ ಚರ್ಮದ ಚೂರುಗಳನ್ನು ಮತ್ತೆ ಸುರುವಿ ನೋಡಿದರು. ಅದರಲ್ಲಿ ಇಲಿಯ ಆಕಾರಕ್ಕೆ ಕತ್ತರಿಸಿ, ಮೈಮೇಲೆ ಗೀರು ಹಾಕಿ ಕೂದಲು ಕಣ್ಣು ಮಾಡಿದ ಒಂದು ಚರ್ಮದ ತುಂಡು ಸಿಕ್ಕಿತು. ಸಾವಿರದ ಒಂಬೈನೂರು ವರ್ಷ ಹಳೆಯ ಆಟಿಕೆ. ಅಧ್ಯಾಪಕಿ ಅದರ ಚಿತ್ರ ತೋರಿಸಿದಾಗ ಮಕ್ಕಳು "ಮಿನಿಮುಸ್! ಮಿನಿಮುಸ್!" ಎಂದು ಕಿರುಚಿದ್ದನ್ನು ಕೇಳಿ ಅಡುಗೆಮನೆಯಿಂದ ಟೋಸ್ಟಿನವರು ಇಣುಕಿ ನೋಡಿದರು.

ಇನ್ನು ನಾನು ಹೇಳಲೇಬೇಕೆಂದು ಕೂತ ವಿಷಯಕ್ಕೆ ಬರುತ್ತೇನೆ.

ಮೂರನೇ ಬುಧವಾರ ಅಧ್ಯಾಪಕಿ ಮೂವರು ಮಕ್ಕಳನ್ನು ಮುಂದೆ ನಿಲ್ಲಿಸಿ ಕೈಗೊಂದು ದೊಡ್ಡ ಕಾರ್ಡ್ ಕೊಟ್ಟರು. ಒಂದರಲ್ಲಿ 'ಪುಎಲ್ಲಾ', ಹುಡುಗಿ. ಇನ್ನೊಂದರಲ್ಲಿ 'ಲುಪುಮ್', ತೋಳವನ್ನು. ಮತ್ತೊಂದರಲ್ಲಿ 'ವಿಡೆಟ್', ನೋಡುತ್ತಾಳೆ. ವಾಕ್ಯ ಓದಿದರು. ಆಮೇಲೆ ಮಕ್ಕಳನ್ನು ಅದಲುಬದಲು ನಿಲ್ಲಿಸಿದರು. ತೋಳ ಮೊದಲು, ಹುಡುಗಿ ಕೊನೆಗೆ. "ಈಗ ಯಾರು ಯಾರನ್ನು ನೋಡ್ತಿದಾರೆ?" ಬಹುತೇಕ ಮಕ್ಕಳು "ತೋಳ ಹುಡುಗಿಯನ್ನ ನೋಡ್ತಿದೆ" ಎಂದರು. ಇಂಗ್ಲಿಷ್ ಮಾತ್ರ ಬಲ್ಲ ಮಗು ಹಾಗೆನ್ನುವುದು ಸಹಜ. ಇಂಗ್ಲಿಷಿನಲ್ಲಿ ಮೊದಲು ನಿಂತವನೇ ಕರ್ತೃ. ಜಾಗ ಬದಲಾದರೆ ಕಥೆಯೇ ತಲೆಕೆಳಗು.

ನಮ್ಮ ಹುಡುಗಿ ಕೈಯೆತ್ತಿದಳು. "ಇಲ್ಲ, ಈಗಲೂ ಹುಡುಗಿಯೇ ತೋಳವನ್ನ ನೋಡ್ತಿದಾಳೆ. ತೋಳದ ಬಾಲದಲ್ಲಿ 'ಉಮ್' ಇದೆ" ಎಂದಳು. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಒಂದು ಕ್ಷಣ ಯೋಚಿಸಿ, "ನಮ್ಮನೆಯಲ್ಲಿ ಹಾಗೇ ಮಾತಾಡ್ತೀವಿ. ಬೆಕ್ಕನ್ನು ಅಂದ್ರೆ ಬೆಕ್ಕನ್ನೇ ಯಾರೋ ಏನೋ ಮಾಡ್ತಿದಾರೆ ಅಂತ. ಎಲ್ಲಿಟ್ಟರೂ ಅಷ್ಟೆ" ಎಂದಳು. ಅಧ್ಯಾಪಕಿ ನನ್ನ ಕಡೆ ನೋಡಿದರು. ನನ್ನ ಕಣ್ಣು ತುಂಬಿತ್ತು.

ಮನೆಯಲ್ಲಿ ಅವಳ ಕನ್ನಡ ಹರಕುಮುರುಕು. ಅರ್ಧ ವಾಕ್ಯ ಇಂಗ್ಲಿಷಿಗೆ ಜಾರುತ್ತದೆ. ಶಾಲೆಯ ಗೆಳತಿಯರ ಎದುರು ಅಮ್ಮ ಕನ್ನಡದಲ್ಲಿ ಕರೆದರೆ ಮುಖ ತಿರುಗಿಸುತ್ತಿದ್ದಳೆಂದು ತಂಗಿ ಹೇಳುತ್ತಿದ್ದಳು. ಅಂಥ ಮಗು, ತನ್ನ ಮನೆಮಾತಿನೊಳಗೆ ಒಂದು ಯಂತ್ರವಿದೆ, ಅದು ಹೀಗೆ ಕೆಲಸ ಮಾಡುತ್ತದೆ ಎಂಬುದನ್ನು ಲ್ಯಾಟಿನ್ ಎಂಬ ಕನ್ನಡಿಯಲ್ಲಿ ಕಂಡುಕೊಂಡಿತು. 'ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ' ಎಂದು ನಾನು ಎಷ್ಟು ತಂಡಗಳ ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿಲ್ಲ! ಎರಡು ಅಂಕದ ಪ್ರಶ್ನೆಗಾಗಿ ಹೇಳಿಸಿದೆ. ಅದೊಂದು ಅದ್ಭುತವೆಂದು, ಒಂದು ಚೂರು ಬಾಲ ವಾಕ್ಯದ ಇಡೀ ಭಾರ ಹೊರುತ್ತದೆಂದು ನಾನು ಒಂದು ದಿನವೂ ಮಕ್ಕಳಿಗೆ ತೋರಿಸಲಿಲ್ಲ. ಕಾರ್ಡ್ ಹಿಡಿಸಿ ಅದಲುಬದಲು ನಿಲ್ಲಿಸಲಿಲ್ಲ.

ಲ್ಯಾಟಿನ್ನಿನ ಕ್ರಿಯಾಪದವೂ ನಮ್ಮದರಂತೆಯೇ. 'ಪೋರ್ಟೋ' ಎಂದರೆ ಹೊರುತ್ತೇನೆ, 'ಪೋರ್ಟಾಸ್' ಹೊರುತ್ತೀಯ, 'ಪೋರ್ಟಟ್' ಹೊರುತ್ತಾನೆ ಅಥವಾ ಹೊರುತ್ತಾಳೆ. ನಾನು, ನೀನು ಎಂದು ಬೇರೆ ಹೇಳಬೇಕಾಗಿಲ್ಲ, ಕ್ರಿಯಾಪದದ ತುದಿಯಲ್ಲೇ ಕರ್ತೃ ಅಡಗಿ ಕೂತಿದ್ದಾನೆ. ಕ್ರಿಯಾಪದ ವಾಕ್ಯದ ಕೊನೆಗೆ ಬರಲು ಇಷ್ಟಪಡುವುದೂ ಹಾಗೆಯೇ. ಕನ್ನಡಕ್ಕೂ ಲ್ಯಾಟಿನ್ನಿಗೂ ರಕ್ತಸಂಬಂಧವಿಲ್ಲ. ಬೇರೆ ಬೇರೆ ಕುಟುಂಬದ ಎರಡು ಭಾಷೆಗಳು ಒಂದೇ ಬಗೆಯ ಉಪಾಯ ಕಂಡುಕೊಂಡಿರುವುದು ನನಗೆ ಸಂಬಂಧಕ್ಕಿಂತ ಹೆಚ್ಚಿನ ಬೆರಗು.

ಈ ಬಾಲಗಳ ಬಗ್ಗೆ ಅಲ್ಲಿ ಕಲಿತ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಾವು ದಿನಾ ಹತ್ತುವ 'ಬಸ್' ಇದೆಯಲ್ಲ, ಅದು ಒಂದು ಪದವೇ ಅಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಬಾಡಿಗೆ ಗಾಡಿಗೆ 'ಓಮ್ನಿಬುಸ್' ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ 'ಎಲ್ಲರಿಗೆ' ಎಂದರ್ಥ. ಬಹುವಚನದ ಚತುರ್ಥೀ ವಿಭಕ್ತಿ. ಜನ ಅದನ್ನು ಕತ್ತರಿಸಿ ಕತ್ತರಿಸಿ ಬಾಲವನ್ನಷ್ಟೇ ಉಳಿಸಿಕೊಂಡರು. ಅಂದರೆ ಬಸ್ ಎಂಬುದು ಬರಿಯ ವಿಭಕ್ತಿ ಪ್ರತ್ಯಯ. ಮೆಜೆಸ್ಟಿಕ್ಕಿನಲ್ಲಿ ನಿಂತು ಬಸ್ಸಿಗೆ ಕಾಯುವಾಗಲೆಲ್ಲ ನಾವು ಕಾಯುತ್ತಿರುವುದು 'ಎಲ್ಲರಿಗೆ' ಎಂಬ ಮಾತಿನ ಕೊನೆಯ 'ರಿಗೆ'ಗಾಗಿ! ಇದನ್ನು ಕೇಳಿದ ದಿನ ಆ ಮಕ್ಕಳು ಶಾಲೆಯ ಕಿಟಕಿಯಾಚೆ ಹೋದ ಪ್ರತಿ ಬಸ್ಸಿಗೂ ಕೈಬೀಸಿದರು.

ಲ್ಯಾಟಿನ್ ಕಲಿಸಬೇಕೆನ್ನುವವರು ಸಾಮಾನ್ಯವಾಗಿ ಬೇರೆ ಕಾರಣ ಮುಂದಿಡುತ್ತಾರೆ. ಇಂಗ್ಲಿಷ್ ಸುಧಾರಿಸುತ್ತದೆ, ಬುದ್ಧಿ ಚುರುಕಾಗುತ್ತದೆ, ಮುಂದೆ ಬೇರೆ ಭಾಷೆ ಸುಲಭವಾಗುತ್ತದೆ. ಮೊದಲನೆಯದರಲ್ಲಿ ಹುರುಳಿದೆ. ಇಂಗ್ಲಿಷಿನ ಶಬ್ದಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೇರವಾಗಿಯೋ ಫ್ರೆಂಚಿನ ಮೂಲಕವೋ ಲ್ಯಾಟಿನ್ನಿನಿಂದ ಬಂದವು. 'ಪೋರ್ಟೋ' ಗೊತ್ತಿದ್ದ ಮಗುವಿಗೆ ಟ್ರಾನ್ಸ್‌ಪೋರ್ಟ್, ಎಕ್ಸ್‌ಪೋರ್ಟ್, ಪೋರ್ಟರ್ ಒಂದೇ ಗೊಂಚಲಾಗಿ ಸಿಗುತ್ತವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1970ರ ದಶಕದ ಆರಂಭದಲ್ಲಿ ಐದು ಆರನೇ ತರಗತಿಯ ಸಾವಿರಾರು ಮಕ್ಕಳಿಗೆ ದಿನಕ್ಕೆ ಇಪ್ಪತ್ತು ನಿಮಿಷ ಲ್ಯಾಟಿನ್ ಕಲಿಸಿದರು. ಹೆಚ್ಚಿನವರು ನಗರದ ಬಡ ಬಡಾವಣೆಗಳ ಮಕ್ಕಳು. ಇಂಗ್ಲಿಷ್ ಶಬ್ದಸಂಪತ್ತಿನ ಪರೀಕ್ಷೆಯಲ್ಲಿ ಅವರು ಲ್ಯಾಟಿನ್ ಕಲಿಯದ ಮಕ್ಕಳಿಗಿಂತ ಒಂದು ವರ್ಷ ಮುಂದಿದ್ದರು. ಆ ಕಾರ್ಯಕ್ರಮದ ಹಿಂದಿದ್ದ ರುಡಾಲ್ಫ್ ಮಾಸಿಯಾಂಟೋನಿಯೊ 1977ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ಬರೆದ ಲೇಖನವನ್ನು ಲ್ಯಾಟಿನ್ ಪರವಾದವರು ಈಗಲೂ ಉದಾಹರಿಸುತ್ತಾರೆ.

ಬುದ್ಧಿ ಚುರುಕಾಗುವ ಮಾತು ಮಾತ್ರ ನಿಲ್ಲುವುದಿಲ್ಲ. ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1924ರಲ್ಲೇ 8,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಲ್ಯಾಟಿನ್ ಓದಿದವರು ಜಾಣರಾಗಿ ಕಾಣುವುದು ಜಾಣರೇ ಅದನ್ನು ಆರಿಸಿಕೊಳ್ಳುವುದರಿಂದ ಎಂಬ ತೀರ್ಮಾನಕ್ಕೆ ಬಂದರು. 2003ರಲ್ಲಿ ಪ್ರಕಟವಾದ ಜರ್ಮನಿಯ ಹಾಗ್ ಮತ್ತು ಸ್ಟರ್ನ್ ಅವರ ಅಧ್ಯಯನ ಇನ್ನೂ ನೇರವಾದದ್ದು. ಸ್ಪ್ಯಾನಿಷ್ ಕಲಿಯಹೊರಟವರಲ್ಲಿ ಶಾಲೆಯಲ್ಲಿ ಲ್ಯಾಟಿನ್ ಓದಿದವರಿಗಿಂತ ಫ್ರೆಂಚ್ ಓದಿದವರು ಕಡಿಮೆ ತಪ್ಪು ಮಾಡಿದರು. ಸ್ಪ್ಯಾನಿಷ್ ಬೇಕಾದವರು ಸ್ಪ್ಯಾನಿಷನ್ನೇ ಕಲಿಯಲಿ ಎಂಬುದು ಸರಿಯಾದ ಮಾತು. ವಾರಕ್ಕೆ ಅರ್ಧ ಗಂಟೆಯ ಕ್ಲಬ್ಬಿನಿಂದ ಅಂಕ ಏರುತ್ತದೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಅಂಥ ಲಾಭದ ಲೆಕ್ಕಕ್ಕೆ ಕಟ್ಟಿಹಾಕಿದರೆ ಆ ಕ್ಲಬ್ಬಿನ ಉಸಿರೇ ಕಟ್ಟುತ್ತದೆ. ಭಾಷೆ ಎಂಬುದು ನಾವು ಒಳಗಿದ್ದು ಉಸಿರಾಡುವ ಗಾಳಿ. ಅದನ್ನು ಹೊರಗೆ ನಿಂತು ನೋಡುವ ಅವಕಾಶ ಮಗುವಿಗೆ ಸಿಗುವುದೇ ಅಪರೂಪ. ತನ್ನದಲ್ಲದ, ಯಾರದೂ ಅಲ್ಲದ ಒಂದು ಭಾಷೆಯನ್ನು ಬಿಚ್ಚಿ ಜೋಡಿಸುವಾಗ ಅದು ಸಿಗುತ್ತದೆ.

ಯಾರದೂ ಅಲ್ಲದ್ದು ಎಂಬ ಮಾತು ಮುಖ್ಯ. ಆ ಮೇಜಿನ ಸುತ್ತ ಪೋಲಿಷ್ ಮನೆಮಾತಿನ ಇಬ್ಬರು, ಬಂಗಾಳಿಯ ಒಬ್ಬ, ಅರಬ್ಬಿಯ ಒಬ್ಬಳು, ನಮ್ಮ ಕನ್ನಡದವಳು, ಉಳಿದವರು ಊರಿನ ಇಂಗ್ಲಿಷ್ ಮಕ್ಕಳು. ಫ್ರೆಂಚ್ ತರಗತಿಯಲ್ಲಿ ರಜಕ್ಕೆ ಫ್ರಾನ್ಸಿಗೆ ಹೋಗಿ ಬಂದ ಮಗು ಒಂದು ಹೆಜ್ಜೆ ಮುಂದಿರುತ್ತದೆ. ಲ್ಯಾಟಿನ್ನಿಗೆ ರಜೆಯ ಊರಿಲ್ಲ. ಎಲ್ಲರೂ ಒಂದೇ ಗೆರೆಯಿಂದ ಓಟ ಶುರುಮಾಡುತ್ತಾರೆ. ಪೋಲಿಷ್ ಮಕ್ಕಳಿಗೂ ವಿಭಕ್ತಿ ನೀರು ಕುಡಿದಷ್ಟು ಸಲೀಸು ಎಂಬುದು ಎರಡೇ ವಾರದಲ್ಲಿ ಗೊತ್ತಾಯಿತು. ಇಂಗ್ಲಿಷ್ ತರಗತಿಯಲ್ಲಿ ಹಿಂದೆ ಕೂರುವ ಹುಡುಗ ಇಲ್ಲಿ ಪಕ್ಕದವನಿಗೆ ಹೇಳಿಕೊಡುತ್ತಿದ್ದ.

ಇದು ಆ ದೇಶದಲ್ಲಿ ಸಣ್ಣ ಮಾತಲ್ಲ. ಲ್ಯಾಟಿನ್ ಅಲ್ಲಿ ಉಳ್ಳವರ ಮನೆಯ ಆಸ್ತಿಯಾಗಿತ್ತು. 1960ರವರೆಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರವೇಶಕ್ಕೆ ಲ್ಯಾಟಿನ್ ಬೇಕೇಬೇಕಿತ್ತು. ಆ ನಿಯಮ ಹೋದ ಮೇಲೆ ಸರ್ಕಾರಿ ಶಾಲೆಗಳಿಂದ ಲ್ಯಾಟಿನ್ನೂ ಹೋಯಿತು, ದುಬಾರಿ ಖಾಸಗಿ ಶಾಲೆಗಳಲ್ಲಿ ಉಳಿಯಿತು. 2021ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆಯೇ ಕೊಟ್ಟ ಲೆಕ್ಕದಂತೆ 11ರಿಂದ 14 ವರ್ಷದ ಮಕ್ಕಳಿಗೆ ಲ್ಯಾಟಿನ್ ಕಲಿಸುವ ಸರ್ಕಾರಿ ಶಾಲೆಗಳು ನೂರಕ್ಕೆ 2.7, ಖಾಸಗಿ ಶಾಲೆಗಳು ನೂರಕ್ಕೆ 49. ಈ ಕಂದಕ ಮುಚ್ಚಲೆಂದು ಅದೇ ವರ್ಷ 40 ಲಕ್ಷ ಪೌಂಡಿನ ಯೋಜನೆಯನ್ನು ಘೋಷಿಸಿ 40 ಶಾಲೆಗಳಲ್ಲಿ ಲ್ಯಾಟಿನ್ ಶುರುಮಾಡಿದರು. ಸರ್ಕಾರ ಬದಲಾಗಿ, 2025ರ ಫೆಬ್ರವರಿಯಲ್ಲಿ ಶಾಲಾ ವರ್ಷದ ನಡುವೆಯೇ ಹಣ ನಿಂತಿತು. ಪರೀಕ್ಷೆಗೆ ಓದುತ್ತಿದ್ದ ಮಕ್ಕಳನ್ನು ನಡುನೀರಿನಲ್ಲಿ ಬಿಟ್ಟ ಆ ತೀರ್ಮಾನ ತಪ್ಪು ಎಂದೇ ನನ್ನ ಅಭಿಪ್ರಾಯ. ಹಣದ ಅಡಚಣೆ ಇದ್ದರೆ ಬೇಸಿಗೆಯವರೆಗಾದರೂ ಕಾಯಬಹುದಿತ್ತು.

ಹೀಗಾಗಿ ಪ್ರಾಥಮಿಕ ಶಾಲೆಗಳಲ್ಲಿ ಲ್ಯಾಟಿನ್ ಉಳಿದಿರುವುದು ಬಹುಮಟ್ಟಿಗೆ ಆಸಕ್ತರ ಕೈಯಲ್ಲಿ. ಆಕ್ಸ್‌ಫರ್ಡಿನಲ್ಲಿ ಲೋರ್ನಾ ರಾಬಿನ್ಸನ್ 2006ರಲ್ಲಿ ಕಟ್ಟಿದ ಐರಿಸ್ ಪ್ರಾಜೆಕ್ಟ್ ಸರ್ಕಾರಿ ಶಾಲೆಯ ಮಕ್ಕಳಿಗೆ ಲ್ಯಾಟಿನ್ ತಲುಪಿಸುತ್ತ ಬಂದಿದೆ. ಅಮೆರಿಕದಲ್ಲೂ ಶಾಲೆಗೆ ಮುಂಚೆ ಅಥವಾ ಶಾಲೆ ಬಿಟ್ಟ ಮೇಲೆ ನಡೆಯುವ ಇಂಥ ಕ್ಲಬ್ಬುಗಳಿವೆ. ಎಲ್ಲ ಕಡೆಯೂ ಒಂದೇ ದೌರ್ಬಲ್ಯ. ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ನಿಂತದ್ದು ಆ ವ್ಯಕ್ತಿಗೆ ಮಂಡಿನೋವು ಬಂದರೆ ನಿಲ್ಲುತ್ತದೆ. ನಾನಿದ್ದ ಆರು ವಾರದಲ್ಲಿ ಒಂದು ಬುಧವಾರ ಅಧ್ಯಾಪಕಿಗೆ ಜ್ವರ. ಮಕ್ಕಳು ತಾವೇ ಹಾಜರಿ ಕೂಗಿಕೊಂಡರು.

ಮೈಯ ಅಂಗಗಳ ಹೆಸರು ಕಲಿಯುವ ದಿನ ನನಗೂ ಪಾಠವಾಯಿತು. ಮೂಗು 'ನಾಸುಸ್', ಕಾಲು 'ಪೆಸ್', ಮೊಣಕಾಲು 'ಗೆನು'. ಸಂಸ್ಕೃತದ ನಾಸಾ, ಪಾದ, ಜಾನು ಅಲ್ಲಿ ಎದ್ದು ಕೂತಿದ್ದವು. ಹಲ್ಲು ದಂತ, ಅಲ್ಲಿ 'ಡೆನ್ಸ್', ವಿಭಕ್ತಿ ಹಚ್ಚಿದರೆ 'ಡೆಂಟ್'. ಬೆಂಕಿ 'ಇಗ್ನಿಸ್', ನಮ್ಮ ಅಗ್ನಿ. ಏಳು 'ಸೆಪ್ಟೆಮ್', ಎಂಟು 'ಒಕ್ಟೊ', ಒಂಬತ್ತು 'ನೊವೆಮ್', ಹತ್ತು 'ಡೆಕೆಮ್'. ಸಪ್ತ, ಅಷ್ಟ, ನವ, ದಶ. ಹಳೆಯ ರೋಮನರ ವರ್ಷ ಮಾರ್ಚಿಗೆ ಶುರುವಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯದು, ಡಿಸೆಂಬರ್ ಹತ್ತನೆಯದು. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಈಗ ಉಳಿದಿಲ್ಲದಿರಬಹುದು ಎಂದು ಹೇಳಿದ್ದರು. ಎಲ್ಲವೂ ಸಂಸ್ಕೃತದಿಂದಲೇ ಹೋಯಿತು ಎನ್ನುವವರು ನಮ್ಮಲ್ಲಿದ್ದಾರೆ. ಹಾಗಲ್ಲ. ಇವು ಅಕ್ಕತಂಗಿಯರು, ತಾಯಿಯನ್ನು ಯಾರೂ ಕಂಡಿಲ್ಲ.

ನ್ಯೂಕಾಸಲ್ ಪಕ್ಕದ ವಾಲ್ಸೆಂಡ್ ಮೆಟ್ರೊ ನಿಲ್ದಾಣದಲ್ಲಿ ಫಲಕಗಳು ಇಂಗ್ಲಿಷಿನ ಜೊತೆ ಲ್ಯಾಟಿನ್ನಿನಲ್ಲೂ ಇವೆ. ಹೇಡ್ರಿಯನ್ ಚಕ್ರವರ್ತಿಯ ಗೋಡೆ ಪೂರ್ವದಲ್ಲಿ ಮುಗಿಯುವ ಊರು ಅದು. ಅಲ್ಲಿ ಇಳಿದು ನಾವಿಬ್ಬರೂ 'ನೋಲಿ ಫೂಮಾರೆ' ಎಂಬ ಫಲಕದ ಎದುರು ನಿಂತೆವು. "ಫೂಮುಸ್ ಅಂದ್ರೆ ಹೊಗೆ" ಎಂದಳು. ನಾನು "ಧೂಮ" ಎಂದೆ. "ನಿಮ್ಮೂರ ಬಸ್ಸಲ್ಲಿ ಬರೆದಿರುತ್ತಲ್ಲ, ಧೂಮಪಾನ ನಿಷೇಧಿಸಿದೆ ಅಂತ, ಅದೇ ಧೂಮಾನಾ?" ಎಂದು ನನ್ನ ಕೋಟು ಜಗ್ಗಿದಳು. ಅದೇ.

ಊರಿಗೆ ಹೊರಡುವ ಮುಂಚಿನ ಶನಿವಾರ ತಂಗಿ ನಮ್ಮನ್ನು ವಿಂಡೊಲಾಂಡಾಕ್ಕೆ ಕರೆದುಕೊಂಡು ಹೋದಳು. ಮಂಜು, ಕುರಿ, ಮೊಣಕಾಲೆತ್ತರದ ಕಲ್ಲಿನ ಅಡಿಪಾಯಗಳು. ಹುಟ್ಟುಹಬ್ಬದ ಪತ್ರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿ ಸಿಕ್ಕ ಇನ್ನೊಂದು ಹಲಗೆಯ ಕಥೆ. ಯಾರೋ ಬಳಸಿ ಬಿಟ್ಟ ಪತ್ರದ ಹಿಂಬದಿ. ಅದರ ಮೇಲೆ ವರ್ಜಿಲ್ ಕವಿಯ 'ಈನಿಡ್' ಮಹಾಕಾವ್ಯದ 9ನೇ ಪುಸ್ತಕದ ಒಂದು ಸಾಲನ್ನು ಯಾರೋ ದೊಡ್ಡಕ್ಷರದಲ್ಲಿ ಪ್ರಯಾಸಪಟ್ಟು ಬರೆದಿದ್ದಾರೆ, ಸಾಲು ಪೂರ್ತಿಯೂ ಆಗಿಲ್ಲ. ಅದರ ಪಕ್ಕ ಬೇರೆಯ ಕೈಯಲ್ಲಿ 'ಸೆಗ್' ಎಂಬ ಅಕ್ಷರಗಳಿವೆ. 'ಸೆಗ್ನಿಟರ್', ಸೋಮಾರಿತನದ ಬರಹ, ಎಂದು ಮೇಷ್ಟ್ರು ಹಾಕಿದ ಷರಾ ಅದಿರಬಹುದು ಎಂಬುದು ವಿದ್ವಾಂಸರ ಓದು. ಸಿಕ್ಕಿದ್ದು ಕೆರಿಯಾಲಿಸನ ಮನೆಯಿದ್ದ ಪದರದಲ್ಲಿ, ಆದ್ದರಿಂದ ಬರೆದದ್ದು ಅವನ ಮಕ್ಕಳಲ್ಲಿ ಒಬ್ಬರಿರಬಹುದು. ಆ ಪಡೆಯವರು ಬಟಾವಿಯರು, ರೈನ್ ನದಿಯ ಮುಖದ ಜನ. ಅವರ ಮನೆಮಾತು ಲ್ಯಾಟಿನ್ ಅಲ್ಲ. ಅಂದರೆ ಇದೇ ಚಳಿಯಲ್ಲಿ, ಇದೇ ಸೀಮೆಯಲ್ಲಿ, ಸಾವಿರದ ಒಂಬೈನೂರು ವರ್ಷದ ಹಿಂದೆಯೂ ಒಂದು ಮಗು ಪರಭಾಷೆಯಾಗಿಯೇ ಲ್ಯಾಟಿನ್ ಕಲಿಯುತ್ತಿತ್ತು, ಬೈಸಿಕೊಳ್ಳುತ್ತಿತ್ತು. "ಪಾಪ" ಎಂದಳು ನಮ್ಮ ಹುಡುಗಿ. "ಅವನಿಗೆ ಯಾರೂ ಟೋಸ್ಟ್ ಕೊಡ್ತಿರಲಿಲ್ಲ ಅನ್ಸುತ್ತೆ."

ಬೆಂಗಳೂರಿಗೆ ಬಂದ ಮೇಲೆ ಭಾನುವಾರ ಸಂಜೆ ವಿಡಿಯೊ ಕರೆಯಲ್ಲಿ ಅವಳಿಗೊಂದು ನಾಣ್ಯದ ಚಿತ್ರ ತೋರಿಸಿದೆ. 1891ರಲ್ಲಿ ಇಲ್ಲೇ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದವು, ಅಗಸ್ಟಸ್, ತಿಬೇರಿಯಸ್ ಮೊದಲಾದವರ ಕಾಲದವು. ನಾನು ತೋರಿಸಿದ್ದು ತಿಬೇರಿಯಸನ ಬೆಳ್ಳಿ ನಾಣ್ಯದ ಒಂದು ಮಾದರಿ. ಅಂಚಿನ ಸುತ್ತ ಒತ್ತೊತ್ತಾಗಿ ಲ್ಯಾಟಿನ್ ಅಕ್ಷರಗಳು. ಅವಳು ಮೂಗನ್ನು ಪರದೆಗೆ ತಾಗಿಸಿ ಒಂದೊಂದಾಗಿ ಓದಿದಳು. "ಇದು ಸೀಸರ್. ಇದು ಡಿವಿ. ಡಿವಿ ಅಂದ್ರೇನು?" 'ಡಿವುಸ್' ಎಂದರೆ ದೇವನಾದವನು, ನಮ್ಮ ದೇವ ಶಬ್ದದ ನಂಟ, ಆಮೇಲಿನ ಒಂದಕ್ಷರಕ್ಕೆ ಮಗ ಎಂದರ್ಥ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಬಾಲ ಬದಲಾಗಿದೆ ದೊಡ್ಡಮ್ಮ" ಎಂದಳು. "ಡಿವುಸ್ ಅಂದ್ರೆ ದೇವ. ಡಿವಿ ಅಂದ್ರೆ ದೇವ'ನ'. ದೇವನ ಮಗ."

ಆಮೇಲೆ ನಾಣ್ಯದ ಚಿತ್ರ ತನಗೆ ಕಳಿಸು, ಬುಧವಾರ ತೋರಿಸಬೇಕು ಎಂದಳು.